ಪ್ರೊಸೆಸರ್ ಬದಲಿಸಿದ ಮೇಲೆ ಸಿಸ್ಟಂ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ: ವಿಂಡೋಸ್ ಹೊಸದಾಗಿ ಹಾಕಬೇಕಾ?

ಮುದ್ರಣದವ_ದಾವಣಗೆರೆ (ಭಾನುವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಮದುವೆ ಆಲ್ಬಂ, ಬ್ಯಾನರ್ ಮಾಡುತ್ತೇನೆ. ಆಲ್ಬಂ ಕೆಲಸಕ್ಕೆ ಹಳೆಯ ರೈಜನ್ 5 2600 ನಿಧಾನ ಅನಿಸಿತು. ಬೋರ್ಡ್ ಬಿ450, ಎಎಂ4 ಸಾಕೆಟ್. ಬೋರ್ಡ್ ಬದಲಿಸದೆ ರೈಜನ್ 7 5700ಎಕ್ಸ್ ಹಾಕಬಹುದು ಅಂತ ಗೊತ್ತಾಗಿ ಅದನ್ನೇ ತಂದೆ. ಮೊದಲು ಹಳೆ ಪ್ರೊಸೆಸರ್ ಇರುವಾಗಲೇ ಬಯೋಸ್ (ಬೋರ್ಡ್ ಒಳಗಿನ ಮೂಲ ಪ್ರೋಗ್ರಾಂ) ಅಪ್‌ಡೇಟ್ ಮಾಡಿದೆ. ಆಮೇಲೆ ಹೊಸದನ್ನು ಕೂರಿಸಿದೆ. ಮೊದಲ ಸಲಕ್ಕೇ ಆನ್ ಆಯಿತು. ಎರಡು ದಿನ ತುಂಬಾ ಚೆನ್ನಾಗಿ ನಡೆಯಿತು.

ಮೂರನೇ ದಿನದಿಂದ ತೊಂದರೆ ಶುರು. ಊಟಕ್ಕೆ ಹೋಗಿ ಬಂದರೆ ಸಿಸ್ಟಂ ರೀಸ್ಟಾರ್ಟ್ ಆಗಿ ಲಾಗಿನ್ ಸ್ಕ್ರೀನ್ ತೋರಿಸುತ್ತಿರುತ್ತದೆ. ಕೆಲಸ ಮಾಡುವಾಗ ಕಡಿಮೆ, ಸುಮ್ನೆ ಬಿಟ್ಟಾಗ ಜಾಸ್ತಿ. ಎರಡು ಸಲ ನೀಲಿ ಸ್ಕ್ರೀನ್ ಕೂಡ ಬಂತು. ನಿನ್ನೆ ಒಂದು ಆಲ್ಬಂ ಫೈಲ್ ತೆರೆಯಲೇ ಇಲ್ಲ, 36 ಪುಟದ ಕೆಲಸ ಹೋಯಿತು.

16 ಜಿಬಿ ರ‍್ಯಾಮ್ ಮೊದಲೇ ಇತ್ತು (8ರ ಎರಡು), ಹೋದ ವರ್ಷ ಬೇರೆ ಕಂಪನಿಯ 8ರ ಎರಡು ಸೇರಿಸಿದ್ದೆ. 500 ಜಿಬಿ ಎಸ್‌ಎಸ್‌ಡಿ, ಜಿಟಿಎಕ್ಸ್ 1650 ಕಾರ್ಡ್, ವಿಂಡೋಸ್ 10. ಪ್ರೊಸೆಸರ್ ಬದಲಿಸಿದಾಗ ವಿಂಡೋಸ್ ಹೊಸದಾಗಿ ಹಾಕಿಲ್ಲ, ಹಳೆಯದೇ ಇದೆ. ಅದೇ ಕಾರಣ ಇರಬಹುದಾ? ನಾಳೆಯೇ ಫಾರ್ಮ್ಯಾಟ್ ಮಾಡಲಾ? ಮದುವೆ ಸೀಸನ್, ಗಿರಾಕಿಗಳು ದಿನಾ ಬಂದು ನಿಲ್ಲುತ್ತಿದ್ದಾರೆ.

ತೋಟದಮನೆ_ಚನ್ನಗಿರಿ

ಫಾರ್ಮ್ಯಾಟ್ ಮಾಡಿ ಅಣ್ಣಾ, ಎಲ್ಲ ಸರಿ ಹೋಗುತ್ತದೆ. ಹೊಸ ಪ್ರೊಸೆಸರ್‌ಗೆ ಹೊಸ ವಿಂಡೋಸ್ ಬೇಕೇ ಬೇಕು.

ಬೆಸುಗೆ_ಕಡ್ಡಿ

ದಯವಿಟ್ಟು ಈಗಲೇ ಫಾರ್ಮ್ಯಾಟ್ ಮಾಡಬೇಡಿ. ಎರಡೂ ರೈಜನ್, ಬೋರ್ಡ್ ಅದೇ, ಚಿಪ್‌ಸೆಟ್ ಅದೇ. ವಿಂಡೋಸ್ ತಾನೇ ಹೊಸ ಪ್ರೊಸೆಸರನ್ನು ಗುರುತಿಸಿಕೊಳ್ಳುತ್ತದೆ. ನಾನು ಹೀಗೆ ಹತ್ತಾರು ಸಿಸ್ಟಂ ಬದಲಿಸಿದ್ದೇನೆ, ಒಂದಕ್ಕೂ ಅದೇ ಕಾರಣಕ್ಕೆ ವಿಂಡೋಸ್ ಮತ್ತೆ ಹಾಕಿಲ್ಲ.

ಇನ್ನೊಂದು ಮಾತು. ಹಾರ್ಡ್‌ವೇರ್ ಅಲುಗಾಡುತ್ತಿರುವಾಗ ವಿಂಡೋಸ್ ಹಾಕಿದರೆ, ಹಾಕುವ ಹೊತ್ತಿನಲ್ಲೇ ಫೈಲ್‌ಗಳು ಕೆಟ್ಟು ಕೂರುತ್ತವೆ. ಆಮೇಲೆ ಹಾರ್ಡ್‌ವೇರ್ ಸರಿ ಮಾಡಿದರೂ ತೊಂದರೆ ಹೋಗುವುದಿಲ್ಲ. ಆಗ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್ ನೋಡಿ. ರೀಸ್ಟಾರ್ಟ್ ಆದ ಹೊತ್ತಿನ ಕೆಂಪು ಗುರುತಿನ ಸಾಲುಗಳು ಏನು ಹೇಳುತ್ತವೆ, ಇಲ್ಲಿ ಹಾಕಿ.

ತೋಟದಮನೆ_ಚನ್ನಗಿರಿ

ನಮ್ಮ ಅಡಿಕೆ ಮಂಡಿ ಸಿಸ್ಟಂನಲ್ಲಿ ಫಾರ್ಮ್ಯಾಟ್ ಮಾಡಿದ ಮೇಲೇ ಸರಿಯಾಗಿದ್ದು. ಅನುಭವದಿಂದ ಹೇಳುತ್ತಿದ್ದೇನೆ.

ಬೆಸುಗೆ_ಕಡ್ಡಿ

ಅಲ್ಲಿ ಬದಲಿಸಿದ್ದು ಪ್ರೊಸೆಸರ್ ಮಾತ್ರಾನಾ, ಬೋರ್ಡ್ ಕೂಡಾನಾ? ಬೋರ್ಡ್ ಬದಲಾದರೆ ನಿಮ್ಮ ಮಾತನ್ನು ನಾನೂ ಒಪ್ಪುತ್ತೇನೆ.

ತೋಟದಮನೆ_ಚನ್ನಗಿರಿ

ಬೋರ್ಡೂ ಬದಲಾಗಿತ್ತು. ಸರಿ, ಅದು ಬೇರೆ ಲೆಕ್ಕ.

ಹೊಳೆದಂಡೆ_ಹರಿಹರ

ಇನ್ವರ್ಟರ್ ಯಾವುದು ಅಂತ ಹೇಳಿ ಸರ್. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕೆಲವು ಹೊಸ ಎಸ್‌ಎಂಪಿಎಸ್‌ಗಳಿಗೆ (ಸಿಸ್ಟಂಗೆ ಕರೆಂಟ್ ಕೊಡುವ ಡಬ್ಬಿ) ಹೊಂದುವುದಿಲ್ಲ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲೇ ರೀಸ್ಟಾರ್ಟ್ ಆಗುತ್ತದೆ. ನಮ್ಮ ಅಂಗಡಿಯಲ್ಲಿ ಆರು ತಿಂಗಳು ಇದೇ ಕಾಟ. ಅರ್ಥಿಂಗ್ ಕೂಡ ನೋಡಿಸಿ. ಡಬ್ಬ ಮುಟ್ಟಿದರೆ ಜುಂ ಅನ್ನುತ್ತದಾ?

ಮುದ್ರಣದವ_ದಾವಣಗೆರೆ (ಸೋಮವಾರ, ಬೆಳಿಗ್ಗೆ 11:15)

ಇನ್ವರ್ಟರ್ ಸೈನ್ ವೇವ್. ಅರ್ಥಿಂಗ್ ಹೋದ ವರ್ಷ ಹೊಸದಾಗಿ ಮಾಡಿಸಿದ್ದು, ಜುಂ ಅನ್ನುವುದಿಲ್ಲ. ಕರೆಂಟ್ ಇರುವಾಗಲೇ ರೀಸ್ಟಾರ್ಟ್ ಆಗುತ್ತದೆ.

ಲಾಗ್ ನೋಡಿದೆ. ಪ್ರತಿ ಸಲ ಎರಡು ಸಾಲು. ಒಂದು ಕರ್ನೆಲ್-ಪವರ್ 41. ಇನ್ನೊಂದು ಡಬ್ಲ್ಯುಎಚ್‌ಇಎ-ಲಾಗರ್ 18. ಅದರೊಳಗೆ ಕ್ಯಾಶ್ ಹೈರಾರ್ಕಿ ಎರರ್ ಅಂತ ಇದೆ, ಕೆಳಗೆ ಪ್ರೊಸೆಸರ್ ಎಪಿಐಸಿ ಐಡಿ 4. ಒಂದು ಕಡೆ 5 ಅಂತ ಇದೆ.

ಬೆಸುಗೆ_ಕಡ್ಡಿ

41 ಅನ್ನುವುದು ಕಾರಣ ಅಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಂ ನಿಂತಿತ್ತು ಅಂತ ಅದು ಹೇಳುತ್ತದೆ, ಅಷ್ಟೇ. ಮುಖ್ಯವಾದದ್ದು 18. ಅದು ಪ್ರೊಸೆಸರೇ ಕೊಟ್ಟ ದೂರು.

ಈಗ ಐಡಿ ನೋಡಿ. ನಿಮ್ಮ ಪ್ರೊಸೆಸರ್‌ಗೆ 8 ಕೋರ್, 16 ಥ್ರೆಡ್. ಪ್ರತಿ ಥ್ರೆಡ್‌ಗೆ ಒಂದು ಐಡಿ, 0ಯಿಂದ 15ರವರೆಗೆ. 0 ಮತ್ತು 1 ಮೊದಲ ಕೋರ್, 2 ಮತ್ತು 3 ಎರಡನೆಯದು, 4 ಮತ್ತು 5 ಮೂರನೆಯದು. ಅಂದರೆ ನಿಮಗೆ ಪ್ರತಿ ಸಲ ಬೀಳುತ್ತಿರುವುದು ಒಂದೇ ಕೋರ್. ವಿಂಡೋಸ್ ಕೆಟ್ಟಿದ್ದರೆ ಹೀಗೆ ಒಂದೇ ಕೋರ್ ಮೇಲೆ ಬರುವುದಿಲ್ಲ.

ಕೋಟೆನಾಡು_87

ದುರ್ಗದಿಂದ ನಮಸ್ಕಾರ. ನನಗೆ ಅನುಮಾನ ರ‍್ಯಾಮ್ ಮೇಲೆ. ಬೇರೆ ಬೇರೆ ಕಂಪನಿಯ ನಾಲ್ಕು ಕಡ್ಡಿ, ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಬಯೋಸ್ ಸೆಟ್ಟಿಂಗ್) ಹಾಕಿ 3200ರಲ್ಲಿ ಓಡಿಸುತ್ತಿರಬೇಕು, ಅಲ್ವಾ? ಎರಡು ಕಡ್ಡಿಗೆ 3200 ಸುಲಭ, ನಾಲ್ಕಕ್ಕೆ ಮೆಮೊರಿ ಕಂಟ್ರೋಲರ್ ಮೇಲೆ ಭಾರ ಜಾಸ್ತಿ. ಆ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಪ್ರೊಸೆಸರ್ ಬದಲಾಯಿತು ಅಂದರೆ ಕಂಟ್ರೋಲರೂ ಬದಲಾದ ಹಾಗೆ. ಹಳೆಯದರಲ್ಲಿ ನಡೆದದ್ದು ಹೊಸದರಲ್ಲಿ ನಡೆಯಬೇಕು ಅಂತಿಲ್ಲ. ಎಕ್ಸ್‌ಎಂಪಿ ತೆಗೆದು ಒಂದು ದಿನ ಓಡಿಸಿ. ರಾತ್ರಿ ರ‍್ಯಾಮ್ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್ ಹಚ್ಚಿ ಮಲಗಿ, ನಾಲ್ಕು ಸುತ್ತು ಮುಗಿಯಲಿ.

ಲಿನಕ್ಸ್_ಮಾವ

ಒಂದು ಪೆನ್‌ಡ್ರೈವ್‌ಗೆ ಉಬುಂಟು ಹಾಕಿ ಅದರಿಂದಲೇ ಬೂಟ್ ಮಾಡಿ, ಡಿಸ್ಕ್ ಮುಟ್ಟಬೇಡಿ. ಎರಡು ಗಂಟೆ ಹಾಗೇ ಬಿಡಿ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ನಿರಪರಾಧಿ. ಒಂದು ರೂಪಾಯಿ ಖರ್ಚಿಲ್ಲ.

ಬೆಸುಗೆ_ಕಡ್ಡಿ

ಲಿನಕ್ಸ್ ಮಾವನ ಮಾತು ಮೊದಲು ಮಾಡಿ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಚಳ್ಳಕೆರೆ_ಗಾಣ

ಕೂಲರ್ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ? 5700ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. 2600ರ ಜೊತೆ ಬಂದಿದ್ದ ಚಿಕ್ಕದನ್ನೇ ಮತ್ತೆ ಕೂರಿಸಿದ್ದೀರಾ?

ಕೂಲರ್ ತೆಗೆಯುವ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಇದನ್ನು ಎಲ್ಲರೂ ಓದಲಿ. ಎಎಂ4 ಪ್ರೊಸೆಸರ್‌ನಲ್ಲಿ ಪಿನ್ ಇರುವುದು ಪ್ರೊಸೆಸರ್‌ಗೇ, 1331 ಪಿನ್. ಹಳೆ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿರುತ್ತದೆ. ಹೋದ ಬೇಸಿಗೆಯಲ್ಲಿ ನಾನು ಕೂಲರ್ ನೇರ ಮೇಲಕ್ಕೆ ಎತ್ತಿದೆ. ಲಿವರ್ ಮುಚ್ಚಿದ್ದ ಹಾಗೇ ಪ್ರೊಸೆಸರ್ ಕಿತ್ತುಕೊಂಡು ಕೂಲರ್ ಜೊತೆ ಬಂತು. ಒಂದು ಮೂಲೆಯಲ್ಲಿ ಏಳು ಪಿನ್ ಬಾಗಿತ್ತು. ಲೆಡ್ ಪೆನ್ಸಿಲ್ ಇರುತ್ತದಲ್ಲ, ಒಳಗಿನ ಲೆಡ್ ತೆಗೆದು ಆ ಖಾಲಿ ತುದಿಯನ್ನು ಒಂದೊಂದೇ ಪಿನ್‌ಗೆ ತೂರಿಸಿ, ಕೂದಲೆಳೆಯಷ್ಟು ಒತ್ತಿ ನೇರ ಮಾಡಿದೆ. ಕಿಟಕಿ ಬೆಳಕಿಗೆ ಹಿಡಿದು ಸಾಲು ನೋಡುವುದು, ಮತ್ತೆ ಒತ್ತುವುದು. ಮುಗಿಯಲು ಎರಡು ಗಂಟೆ ಬೇಕಾಯಿತು. ಆ ಪ್ರೊಸೆಸರ್ ಇವತ್ತಿಗೂ ನಡೆಯುತ್ತಿದೆ.

ಕೂಲರ್ ತೆಗೆಯುವ ಮೊದಲು ಸಿಸ್ಟಂ ಹತ್ತು ನಿಮಿಷ ಕೆಲಸ ಮಾಡಲಿ, ಪೇಸ್ಟ್ ಮೆತ್ತಗಾಗುತ್ತದೆ. ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಆಮೇಲೆ ಎತ್ತಿ.

ಹೊಳೆದಂಡೆ_ಹರಿಹರ

ಏಳು ಪಿನ್ ನೇರ ಮಾಡಿದ್ದೀರಾ! ದೊಡ್ಡ ತಾಳ್ಮೆ ನಿಮ್ಮದು.

ಮುದ್ರಣದವ_ದಾವಣಗೆರೆ (ಮಂಗಳವಾರ, ಬೆಳಿಗ್ಗೆ 10:05)

ಇಷ್ಟು ಜನ ಸಮಯ ಕೊಡುತ್ತಿದ್ದೀರಿ, ತುಂಬಾ ಥ್ಯಾಂಕ್ಸ್. ಪೆನ್‌ಡ್ರೈವ್‌ನಿಂದ ಉಬುಂಟು ಹಾಕಿ ಸುಮ್ನೆ ಬಿಟ್ಟೆ. 50 ನಿಮಿಷಕ್ಕೆ ಅಲ್ಲೂ ರೀಸ್ಟಾರ್ಟ್ ಆಯಿತು. ರಾತ್ರಿ ಮೆಮ್‌ಟೆಸ್ಟ್ ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕು ಸುತ್ತು ಮುಗಿದಿದೆ, ಎರರ್ ಸೊನ್ನೆ. ಎಕ್ಸ್‌ಎಂಪಿ ತೆಗೆದರೂ ಬೆಳಿಗ್ಗೆ ಒಮ್ಮೆ ರೀಸ್ಟಾರ್ಟ್ ಆಗಿದೆ.

ಹೌದು, ಕೂಲರ್ ಹಳೆಯದೇ.

ಕೋಟೆನಾಡು_87

ಹಾಗಾದರೆ ರ‍್ಯಾಮ್ ಅಲ್ಲ. ನನ್ನ ಅನುಮಾನ ತಪ್ಪಾಯಿತು.

ಲ್ಯಾಬ್_ಮೇಡಂ

ಕಾಲೇಜು ಲ್ಯಾಬ್ ನೋಡಿಕೊಳ್ಳುವವಳು ನಾನು. ಒಂದು ಪ್ರಶ್ನೆ. ಬಯೋಸ್‌ನಲ್ಲಿ ಬೇರೆ ಏನಾದರೂ ಬದಲಿಸಿದ್ದೀರಾ? ಓವರ್‌ಕ್ಲಾಕ್, ವೋಲ್ಟೇಜ್, ಪಿಬಿಒ (ಎಎಂಡಿಯ ವೇಗ ಹೆಚ್ಚಿಸುವ ಸೆಟ್ಟಿಂಗ್), ಯಾವುದಾದರೂ? ಚೆನ್ನಾಗಿ ನೆನಪು ಮಾಡಿಕೊಳ್ಳಿ. ಮೊದಲ ಎರಡು ದಿನ ಸರಿಯಿತ್ತು ಅಂದಿರಿ. ಮೂರನೇ ದಿನ ಏನಾಯಿತು?

ಮುದ್ರಣದವ_ದಾವಣಗೆರೆ

ಮೇಡಂ, ನೀವು ಕೇಳಿದ ಮೇಲೆ ನೆನಪಾಯಿತು. ಮೊದಲ ಎರಡು ದಿನ ಆಲ್ಬಂ ಎಕ್ಸ್‌ಪೋರ್ಟ್ ಮಾಡುವಾಗ ಶಾಖ 89, 90 ತೋರಿಸುತ್ತಿತ್ತು. ಹೆದರಿಕೆಯಾಗಿ ಒಂದು ವಿಡಿಯೊ ನೋಡಿ ಬಯೋಸ್‌ನಲ್ಲಿ ಕರ್ವ್ ಆಪ್ಟಿಮೈಸರ್ ಅಂತ ಇದ್ದದ್ದನ್ನು ಎಲ್ಲ ಕೋರ್‌ಗೂ ಮೈನಸ್ 30 ಮಾಡಿದೆ. ಶಾಖ 80ಕ್ಕೆ ಇಳಿಯಿತು, ಕೆಲಸವೂ ವೇಗವಾಯಿತು. ಅದು ಒಳ್ಳೆಯ ಬದಲಾವಣೆ ಅಂತಲೇ ಇಲ್ಲಿ ಬರೆದಿರಲಿಲ್ಲ. ಕ್ಷಮಿಸಿ.

ಬೆಸುಗೆ_ಕಡ್ಡಿ

ಸಿಕ್ಕಿತು! ಇದೇ ಕಾರಣ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ವಿಡಿಯೊಗಳನ್ನು ನೋಡಿ ತುಂಬಾ ಜನ ಹೀಗೆ ಮಾಡುತ್ತಿದ್ದಾರೆ. ಪ್ರತಿ ವೇಗಕ್ಕೆ ಇಷ್ಟು ವೋಲ್ಟೇಜ್ ಅಂತ ಫ್ಯಾಕ್ಟರಿಯಲ್ಲೇ ಲೆಕ್ಕ ಹಾಕಿರುತ್ತಾರೆ. ಕರ್ವ್ ಆಪ್ಟಿಮೈಸರ್ ಆ ಲೆಕ್ಕದಿಂದ ವೋಲ್ಟೇಜ್ ಕಡಿಮೆ ಮಾಡುತ್ತದೆ. ಎಲ್ಲ ಕೋರ್ ಒಟ್ಟಿಗೆ ದುಡಿಯುವಾಗ ವೇಗ ಹೇಗೂ ಕಡಿಮೆ ಇರುತ್ತದೆ, ಆಗ ಕಡಿಮೆ ವೋಲ್ಟೇಜ್ ಸಾಲುತ್ತದೆ. ಸಿಸ್ಟಂ ಸುಮ್ನೆ ಇದ್ದಾಗ ಹಿನ್ನೆಲೆಯಲ್ಲಿ ಏನೋ ಒಂದು ಚಿಕ್ಕ ಕೆಲಸ ಬರುತ್ತದೆ. ಆಗ ಒಂದೇ ಕೋರ್ ನಿದ್ದೆಯಿಂದ ಎದ್ದು ಒಮ್ಮೆಗೇ ಅತಿ ಹೆಚ್ಚು ವೇಗಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕೆ ವೋಲ್ಟೇಜ್ ಸಾಲದೆ ಬೀಳುತ್ತದೆ. ಅದಕ್ಕೇ ನೀವು ಊಟಕ್ಕೆ ಹೋದಾಗ ರೀಸ್ಟಾರ್ಟ್ ಆಗುವುದು, ಕೆಲಸ ಮಾಡುವಾಗ ಕಡಿಮೆ. ಎಂಟು ಕೋರ್‌ಗಳೂ ಒಂದೇ ಸಮ ಇರುವುದಿಲ್ಲ. ನಿಮ್ಮ ಮೂರನೇ ಕೋರ್‌ಗೆ ಮೈನಸ್ 30 ತಡೆಯುವ ಶಕ್ತಿ ಇಲ್ಲ.

ಅದನ್ನು ಸೊನ್ನೆ ಮಾಡಿ. ಶಾಖಕ್ಕೆ ಮದ್ದು ಒಳ್ಳೆಯ ಕೂಲರ್. ಈ ಪ್ರೊಸೆಸರ್‌ನ ಗರಿಷ್ಠ ಮಿತಿ 90 ಡಿಗ್ರಿ, ನೀವು ಅಲ್ಲಿಗೇ ಮುಟ್ಟಿದ್ದಿರಿ.

ಕೋಟೆನಾಡು_87

ಸುಮ್ನೆ ಮೈನಸ್ 10 ಇಡಬಹುದಲ್ಲ? ನನ್ನ 5600ರಲ್ಲಿ ಮೈನಸ್ 15 ಇಟ್ಟು ಒಂದೂವರೆ ವರ್ಷ ಆಯಿತು, ಒಂದು ದಿನವೂ ತೊಂದರೆ ಇಲ್ಲ.

ಬೆಸುಗೆ_ಕಡ್ಡಿ

ನಿಮ್ಮದು ನಡೆಯುತ್ತದೆ, ಒಪ್ಪುತ್ತೇನೆ. ಇವರದು ಹೊಟ್ಟೆಪಾಡಿನ ಸಿಸ್ಟಂ. ಗಿರಾಕಿಯ ಫೈಲ್ ಇರುವ ಕಡೆ ಪ್ರಯೋಗ ಬೇಡ.

ಕೋಟೆನಾಡು_87

ಒಂದೊಂದೇ ಕೋರ್ ಪರೀಕ್ಷೆ ಮಾಡಿ ಇಟ್ಟರೆ ಪ್ರಯೋಗ ಹೇಗಾಗುತ್ತದೆ? ಕೋರ್‌ಸೈಕ್ಲರ್ ಇರುವುದೇ ಅದಕ್ಕೆ.

ಲ್ಯಾಬ್_ಮೇಡಂ

ಇಬ್ಬರ ಮಾತೂ ಸರಿ, ಆದರೆ ಸೀಸನ್ ಮುಗಿಯುವವರೆಗೆ ಸೊನ್ನೆಯೇ ಇರಲಿ. ಸೊನ್ನೆಯಲ್ಲೂ ಕೋರ್‌ಸೈಕ್ಲರ್ ಒಂದು ರಾತ್ರಿ ಓಡಿಸಿ. ಅಲ್ಲೂ ಬಿದ್ದರೆ ಪ್ರೊಸೆಸರ್‌ನಲ್ಲೇ ದೋಷ, ವಾರಂಟಿಗೆ ಕಳಿಸಿ.

ಚಳ್ಳಕೆರೆ_ಗಾಣ

ಅಂಗಡಿ ಮಂಡಕ್ಕಿ ಭಟ್ಟಿ ಕಡೆಯಾ? ಆ ಕಡೆ ಕೂಲರ್ ಒಳಗೆ ಮಸಿ ಕೂರುತ್ತದೆ ಅಂತ ನನ್ನ ಭಾವ ಹೇಳುತ್ತಿದ್ದ.

ಮುದ್ರಣದವ_ದಾವಣಗೆರೆ (ಗುರುವಾರ, ರಾತ್ರಿ 8:30)

ಅಂಗಡಿ ಭಟ್ಟಿಯಿಂದ ಸ್ವಲ್ಪ ದೂರ, ಆದರೆ ಮಸಿ ಅಲ್ಲಿಯವರೆಗೂ ಬರುತ್ತದೆ. ಫ್ಯಾನ್ ಬಿಚ್ಚಿದಾಗ ಕೂಲರ್ ರೆಕ್ಕೆಗಳ ನಡುವೆ ಕಪ್ಪು ದೂಳು ಹಪ್ಪಳದ ಹಾಗೆ ಪದರವಾಗಿ ಕೂತಿತ್ತು. ಬೆರಳಿಗೆ ಹತ್ತಿದ್ದು ಎಣ್ಣೆ ಎಣ್ಣೆ, ಊದಿದರೆ ಹೋಗುವಂಥದ್ದಲ್ಲ. ಪ್ರೊಸೆಸರ್ ಹೊಸದು ಹಾಕುವಾಗ ಪೇಸ್ಟ್ ಮಾತ್ರ ಬದಲಿಸಿದ್ದೆ, ಇದನ್ನು ನೋಡಿರಲಿಲ್ಲ.

ನಾಲ್ಕು ಪೈಪಿನ ಟವರ್ ಕೂಲರ್ ತಂದು ಹಾಕಿದೆ. ಚಳ್ಳಕೆರೆ ಅಣ್ಣ ಹೇಳಿದ ಹಾಗೆ ಬಿಸಿ ಮಾಡಿ, ತಿರುಗಿಸಿ ತೆಗೆದೆ. ಪಿನ್ ಒಂದೂ ಬಾಗಲಿಲ್ಲ. ಕರ್ವ್ ಸೊನ್ನೆ. ಈಗ ಎಕ್ಸ್‌ಪೋರ್ಟ್ ಮಾಡುವಾಗ 70ರ ಆಸುಪಾಸು. ಕೋರ್‌ಸೈಕ್ಲರ್ ಎರಡು ರಾತ್ರಿ ಓಡಿತು, ಎರರ್ ಇಲ್ಲ. ನಾಲ್ಕು ಕಡ್ಡಿ ರ‍್ಯಾಮ್‌ಗೆ ಎಕ್ಸ್‌ಎಂಪಿ ಮತ್ತೆ ಹಾಕಿದ್ದೇನೆ, ಅದೂ ಸರಿಯಿದೆ. ಎರಡು ದಿನದಿಂದ ಒಂದು ರೀಸ್ಟಾರ್ಟೂ ಇಲ್ಲ.

ಆದರೆ ಫೋಟೊಶಾಪ್ ಆಗಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ವಿಂಡೋಸ್ ಫೈಲ್ ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನ್ ಮಾಡಿದರೆ ಕೆಟ್ಟ ಫೈಲ್ ಸಿಕ್ಕಿದೆ, ಕೆಲವನ್ನು ಸರಿ ಮಾಡಲು ಆಗಲಿಲ್ಲ ಅಂತ ಬರುತ್ತದೆ.

ಬೆಸುಗೆ_ಕಡ್ಡಿ

ವಿಂಡೋಸ್ ರಿಪೇರಿಯ ಇನ್ನೊಂದು ಕಮಾಂಡ್ ಡಿಐಎಸ್‌ಎಂ ರಿಸ್ಟೋರ್‌ಹೆಲ್ತ್ ಓಡಿಸಿ, ಆಮೇಲೆ ಇನ್ನೊಮ್ಮೆ ಎಸ್‌ಎಫ್‌ಸಿ. ಆಗಲೂ ಹಾಗೇ ಬಂದರೆ, ಈಗ ಫಾರ್ಮ್ಯಾಟ್ ಮಾಡಿ. ಅಷ್ಟು ಸಲ ಧಡಕ್ಕನೆ ನಿಂತಾಗ ಬರೆಯುತ್ತಿದ್ದ ಫೈಲ್‌ಗಳು ಅರ್ಧಕ್ಕೆ ಉಳಿದಿರುತ್ತವೆ. ಈಗ ಕೆಳಗಿನ ನೆಲ ಗಟ್ಟಿ ಇದೆ, ಹಾಕಿದ್ದು ನಿಲ್ಲುತ್ತದೆ.

ತೋಟದಮನೆ_ಚನ್ನಗಿರಿ

ಕೊನೆಗೂ ಫಾರ್ಮ್ಯಾಟ್ ಬಂತು ನೋಡಿ 🙂

ಲ್ಯಾಬ್_ಮೇಡಂ

ಹಾಕುವುದೇ ಆದರೆ ವಿಂಡೋಸ್ 11 ಹಾಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಯೋಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಭದ್ರತಾ ವ್ಯವಸ್ಥೆ, ಡಿಸ್ಕ್ ಎನ್‌ಕ್ರಿಪ್ಶನ್ ಕೀ ಕಾಯುವುದು ಅದೇ) ಮತ್ತು ಸೆಕ್ಯೂರ್ ಬೂಟ್ ಆನ್ ಇರಲಿ. 8 ಜಿಬಿ ಪೆನ್‌ಡ್ರೈವ್ ಸಾಕು, ಮೈಕ್ರೋಸಾಫ್ಟ್‌ನ ಸ್ವಂತ ಟೂಲ್‌ನಿಂದಲೇ ಮಾಡಿಕೊಳ್ಳಿ. ಫೈಲ್ ಇರುವ ಬೇರೆ ಹಾರ್ಡ್‌ಡಿಸ್ಕ್ ಇದ್ದರೆ ಅದರ ಕೇಬಲ್ ಕಿತ್ತಿಡಿ. ರಾತ್ರಿ ಹನ್ನೊಂದಕ್ಕೆ ಕಣ್ಣು ತೂಗುವಾಗ ತಪ್ಪು ಡ್ರೈವ್ ಡಿಲೀಟ್ ಮಾಡಿದವರನ್ನು ನಾನು ನೋಡಿದ್ದೇನೆ. ಆಕ್ಟಿವೇಶನ್ ಬಗ್ಗೆ ಹೆದರಬೇಡಿ. ನಿಮ್ಮದು ಡಿಜಿಟಲ್ ಲೈಸೆನ್ಸ್ ಆದರೆ, ಬೋರ್ಡ್ ಅದೇ ಇರುವುದರಿಂದ ನೆಟ್ ಸಿಕ್ಕಿದ ತಕ್ಷಣ ತಾನೇ ಆಕ್ಟಿವೇಟ್ ಆಗುತ್ತದೆ.

ಒಂದು ಎಚ್ಚರಿಕೆ. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಬಹುದು. 48 ಅಂಕಿಯ ರಿಕವರಿ ಕೀ ಇರುತ್ತದೆ, ಅದನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ನಮ್ಮ ಸ್ಟಾಫ್‌ರೂಂ ಸಿಸ್ಟಂಗೆ ಪ್ರೊಸೆಸರ್ ಬದಲಿಸಿದಾಗ, ಎಫ್‌ಟಿಪಿಎಂ ರೀಸೆಟ್ ಮಾಡಲಾ ಅಂತ ಬಯೋಸ್ ಕೇಳಿತು. ಓದದೆ ವೈ ಒತ್ತಿದರು. ಕೀ ಯಾರ ಹತ್ತಿರವೂ ಇರಲಿಲ್ಲ. ಮೂರು ವರ್ಷದ ಪ್ರಶ್ನೆಪತ್ರಿಕೆಗಳು ಹಾಗೇ ಹೋದವು.

ಅಕ್ಷರಪ್ರೇಮಿ_ಜಗಳೂರು

ನೀವು ಡಿಟಿಪಿಯವರು, ಮುಖ್ಯವಾದದ್ದು ಫಾಂಟ್! ನುಡಿ ಫಾಂಟ್‌ಗಳು, ಬೇರೆ ಕಡೆಯಿಂದ ತಂದು ಹಾಕಿದ ಹಳೆ ಕನ್ನಡ ಫಾಂಟ್‌ಗಳು, ಎಲ್ಲ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಇರುತ್ತವೆ. ಮೊದಲು ಆ ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ. ಇಲ್ಲದಿದ್ದರೆ ಹಳೆ ಲಗ್ನಪತ್ರಿಕೆ ತೆರೆದಾಗ 'ಶ್ರೀ ಗಣೇಶಾಯ ನಮಃ' ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗುರುತುಗಳ ರಾಶಿ ಕಾಣುತ್ತದೆ.

ಲಿನಕ್ಸ್_ಮಾವ

ಇನ್ನೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ತೋರಿಸುವ ಆ ಆಸ್ಕಿ ಫಾಂಟಿನಲ್ಲೇ ಕೆಲಸ ಮಾಡುತ್ತೀರಾ? ಯೂನಿಕೋಡ್‌ಗೆ ಬನ್ನಿ. ನೂರು ವರ್ಷ ಬಿಟ್ಟು ತೆರೆದರೂ ಅಕ್ಷರ ಅಕ್ಷರವಾಗೇ ಇರುತ್ತದೆ.

ಅಕ್ಷರಪ್ರೇಮಿ_ಜಗಳೂರು

ಹೇಳುವುದು ಸುಲಭ ಮಾವ. ಪೇಜ್‌ಮೇಕರ್‌ಗೆ ಕನ್ನಡ ಯೂನಿಕೋಡ್ ಗೊತ್ತೇ ಇಲ್ಲ. ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಪ್ರೆಸ್‌ನವರು ಇನ್ನೂ ಪೇಜ್‌ಮೇಕರ್ ಫೈಲೇ ಕೇಳುತ್ತಾರೆ. ಹದಿನೈದು ವರ್ಷದ ಕೆಲಸ ಎಲ್ಲ ಅದರಲ್ಲಿದೆ.

ಲಿನಕ್ಸ್_ಮಾವ

ಇನ್‌ಡಿಸೈನ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪ್ರೆಸ್‌ಗೆ ಪಿಡಿಎಫ್ ಕೊಡಿ, ಯಾವ ಫೈಲ್ ಅಂತ ಅವರು ಕೇಳುವುದೇ ಬೇಡ.

ಮುದ್ರಣದವ_ದಾವಣಗೆರೆ (ಶನಿವಾರ, ಸಂಜೆ 6:20)

ವಿಂಡೋಸ್ 11 ಹಾಕಿದೆ. ಫಾಂಟ್ಸ್ ಫೋಲ್ಡರ್, ಡೆಸ್ಕ್‌ಟಾಪ್, ಫೋಟೊಶಾಪ್ ಆ್ಯಕ್ಷನ್‌ಗಳು, ಬ್ರಶ್‌ಗಳು, ಎಲ್ಲ ಹೊರಗಿನ ಡಿಸ್ಕ್‌ಗೆ ಹಾಕಿ ಆಮೇಲೆ ಶುರು ಮಾಡಿದೆ. ಆಲ್ಬಂ ಡಿಸ್ಕ್ ಕೇಬಲ್ ಕಿತ್ತಿಟ್ಟಿದ್ದೆ. ಚಿಪ್‌ಸೆಟ್ ಡ್ರೈವರ್ ಎಎಂಡಿ ಸೈಟಿನಿಂದಲೇ ತಂದೆ. ಹೇಳಿದ ಹಾಗೆ ತಾನೇ ಆಕ್ಟಿವೇಟ್ ಆಯಿತು.

ನುಡಿ ಹಾಕಿ ಒಂದು ಹಳೆ ಪತ್ರಿಕೆ ತೆರೆದೆ. ಅಕ್ಷರ ಎಲ್ಲ ಸರಿ ಬಂತು, ಸುತ್ತಲಿನ ಬಳ್ಳಿ ಬಾರ್ಡರ್ ಮಾತ್ರ ಕಾಣೆ. ಅದು ಬೇರೆ ಡಿಂಗ್‌ಬ್ಯಾಟ್ (ಅಕ್ಷರದ ಬದಲು ಚಿತ್ರ ಇರುವ) ಫಾಂಟು, ಕಾಪಿ ಮಾಡಿದ ಫೋಲ್ಡರ್‌ನಲ್ಲಿ ಸಿಗಲಿಲ್ಲ.

ಅಕ್ಷರಪ್ರೇಮಿ_ಜಗಳೂರು

ಒಬ್ಬ ಯೂಸರ್‌ಗೆ ಮಾತ್ರ ಇನ್‌ಸ್ಟಾಲ್ ಮಾಡಿದ ಫಾಂಟ್ ಬೇರೆ ಕಡೆ ಇರುತ್ತದೆ. ಯೂಸರ್ ಫೋಲ್ಡರ್ ಒಳಗೆ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಅದನ್ನು ಮೊದಲೇ ಹೇಳಬೇಕಿತ್ತು, ನನ್ನಿಂದ ತಪ್ಪಾಯಿತು. ಆ ಬಳ್ಳಿ ಫಾಂಟ್ ನನ್ನ ಹತ್ತಿರ ಇರಬಹುದು. ಒಂದು ಪ್ರಿಂಟ್ ಫೋಟೊ ಕಳಿಸಿ, ಹುಡುಕುತ್ತೇನೆ.

ಮುದ್ರಣದವ_ದಾವಣಗೆರೆ

ಕಳಿಸಿದ್ದೇನೆ ಸರ್. ಸಿಕ್ಕರೆ ದೊಡ್ಡ ಉಪಕಾರ. ಆ ಕೆಟ್ಟುಹೋದ 36 ಪುಟದ ಆಲ್ಬಂ ಮಾತ್ರ ಮತ್ತೆ ಮೊದಲಿನಿಂದ ಮಾಡುತ್ತಿದ್ದೇನೆ. ಇವತ್ತಿಗೆ 22 ಪುಟ ಆಯಿತು. ಇನ್ನು ಮೇಲೆ ರಾತ್ರಿ ಅಂಗಡಿ ಮುಚ್ಚುವ ಮೊದಲು ದಿನದ ಕೆಲಸ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಯೇ ಶಟರ್ ಎಳೆಯುತ್ತೇನೆ.

ಹೊಳೆದಂಡೆ_ಹರಿಹರ

ಸರ್, ಹಳೆಯ 2600 ಏನು ಮಾಡುತ್ತೀರಿ? ಮಾರುವುದಾದರೆ ಹೇಳಿ. ಮಗಳ ಸಿಸ್ಟಂನಲ್ಲಿ ರೈಜನ್ 3 1200 ಇದೆ, ಎ320 ಬೋರ್ಡ್.

ಬೆಸುಗೆ_ಕಡ್ಡಿ

ಹರಿಹರದವರೇ, ತೆಗೆಯುವ ಮೊದಲು ಬಯೋಸ್ ಯಾವುದಿದೆ ನೋಡಿಕೊಳ್ಳಿ. 2600 ಬಂದಿದ್ದು 2018ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಿಂದಿನ ಬಯೋಸ್ ಇದ್ದರೆ 1200 ಇರುವಾಗಲೇ ಅಪ್‌ಡೇಟ್ ಮಾಡಿ. ಕರೆಂಟ್ ಹೋಗದ ಹೊತ್ತು ನೋಡಿ ಮಾಡಿ.

ಮುದ್ರಣದವ_ದಾವಣಗೆರೆ

ಕೊಡುತ್ತೇನೆ. ಬಂದು ತೆಗೆದುಕೊಂಡು ಹೋಗಿ, ಕೊರಿಯರ್ ಬೇಡ. ಅದು ಬಂದಿದ್ದ ಪ್ಲಾಸ್ಟಿಕ್ ಡಬ್ಬಿ ಇನ್ನೂ ಇಟ್ಟಿದ್ದೇನೆ, ಪಿನ್‌ಗೆ ಏನೂ ಆಗದು. ಹಳೆ ಕೂಲರೂ ತೊಳೆದು ಒಣಗಿಸಿಟ್ಟಿದ್ದೇನೆ, 2600ಕ್ಕೆ ಅದು ಸಾಕು. ಬೆಳಿಗ್ಗೆ ಹತ್ತರೊಳಗೆ ಬಂದರೆ ಬೆಣ್ಣೆ ದೋಸೆ ತಿಂದು ಹೋಗಬಹುದು.

ಹೊಳೆದಂಡೆ_ಹರಿಹರ

ಬುಧವಾರ ಒಂಬತ್ತಕ್ಕೆ ಬರುತ್ತೇನೆ.